ಒಂದು ಪಹಣಿ ಹಿಡಿದು ಮಹಿಳಾ ಅಧ್ಯಯನ ಓದುವುದು

ಪ್ರತಿ ವರ್ಷ ಕಾಲೇಜು ಶುರುವಾದ ಮೊದಲ ವಾರ ನನಗೆ ಎರಡು ಪ್ರಶ್ನೆ ಬಂದೇ ಬರುತ್ತವೆ. ಹುಡುಗಿಯರು ಕೇಳುತ್ತಾರೆ: "ಮೇಡಂ, ಈ ಸಬ್ಜೆಕ್ಟ್ ತಗೊಂಡ್ರೆ ಮುಂದೆ ಏನು?" ಹುಡುಗರು ಕೇಳುತ್ತಾರೆ: "ಮೇಡಂ, ಇದನ್ನ ನಾವೂ ತಗೋಬಹುದಾ?" ಎರಡಕ್ಕೂ ಉತ್ತರ ಆಮೇಲೆ ಹೇಳುತ್ತೇನೆ. ಯಾರೂ ಕೇಳದ ಮೂರನೇ ಪ್ರಶ್ನೆ ಒಂದಿದೆ, ಮೊದಲು ಅದು. ಇದನ್ನು ಓದುವುದು ಹೇಗೆ?

ಇತಿಹಾಸ ಓದುವ ರೀತಿ ಹೈಸ್ಕೂಲಿನಿಂದಲೇ ಗೊತ್ತಿರುತ್ತದೆ. ಅರ್ಥಶಾಸ್ತ್ರ ಪಿಯುಸಿಯಲ್ಲಿ ಬಂದಿರುತ್ತದೆ. ಮಹಿಳಾ ಅಧ್ಯಯನ ಮಾತ್ರ ಡಿಗ್ರಿಗೆ ಬಂದ ಮೇಲೆ ದಿಢೀರನೆ ಎದುರಾಗುತ್ತದೆ. ಸಿಲಬಸ್ ತೆರೆದರೆ ಒಂದು ಯೂನಿಟ್ ಕಾನೂನು, ಇನ್ನೊಂದು ಸಾಹಿತ್ಯ, ಮತ್ತೊಂದು ಆರೋಗ್ಯ, ಆಮೇಲೆ ಪಂಚಾಯಿತಿ. ನಾನು ಎಂಎ ಓದಿದ್ದು ವಿಜಯಪುರದಲ್ಲಿ, 2003ರಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯದಲ್ಲಿ. 2017ರಿಂದ ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ಮೊದಲ ಸೆಮಿಸ್ಟರ್ ಪೂರ್ತಿ ನಾನು ಐದು ನೋಟ್‌ಬುಕ್ ಇಟ್ಟುಕೊಂಡು ಒದ್ದಾಡಿದೆ. ಕಾನೂನಿಗೆ ಒಂದು, ಇತಿಹಾಸಕ್ಕೆ ಒಂದು, ಹೀಗೆ. ಎಲ್ಲಾ ಬಾಯಿಪಾಠ ಆಗುತ್ತಿತ್ತು, ಯಾವುದೂ ಒಂದಕ್ಕೊಂದು ಸೇರುತ್ತಿರಲಿಲ್ಲ.

ಎರಡನೇ ಸೆಮಿಸ್ಟರಿನಲ್ಲಿ ಒಂದೇ ದಪ್ಪ ನೋಟ್‌ಬುಕ್ ತಂದೆ. ಸಬ್ಜೆಕ್ಟಿನ ಹೆಸರಿನಲ್ಲಿ ಬರೆಯುವುದನ್ನು ಬಿಟ್ಟು, ಒಂದು ವಸ್ತುವನ್ನೋ ಒಂದು ಘಟನೆಯನ್ನೋ ಮಧ್ಯೆ ಇಟ್ಟು ಸುತ್ತಲೂ ಬರೆಯಲು ಶುರು ಮಾಡಿದೆ. ನಿಮಗೆ ಹೇಳಿಕೊಡಬೇಕಾದದ್ದು ಮುಖ್ಯವಾಗಿ ಇದೇ. ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ಈ ವಿಷಯ ಹುಟ್ಟಿದ್ದೇ ಹೀಗೆ

ಭಾರತ ಸರ್ಕಾರ 1971ರಲ್ಲಿ ಮಹಿಳೆಯರ ಸ್ಥಿತಿಗತಿ ತಿಳಿಯಲು ಒಂದು ಸಮಿತಿ ಮಾಡಿತು. ಫೂಲ್‌ರೇಣು ಗುಹಾ ಅಧ್ಯಕ್ಷೆ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. 1974ರ ಕೊನೆಗೆ ವರದಿ ಬಂತು. ಅದರಲ್ಲಿ ಒಂದು ಲೆಕ್ಕ ಇತ್ತು. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದರು. 1971ಕ್ಕೆ ಅದು 930ಕ್ಕೆ ಇಳಿದಿತ್ತು. ಸ್ವಾತಂತ್ರ್ಯ ಬಂದಿದೆ, ಸಂವಿಧಾನ ಸಮಾನತೆ ಕೊಟ್ಟಿದೆ, ಶಾಲೆ ಆಸ್ಪತ್ರೆ ಜಾಸ್ತಿಯಾಗಿವೆ. ಹಾಗಿದ್ದರೂ ಹೆಂಗಸರ ಸಂಖ್ಯೆ ಕಮ್ಮಿ ಆಗುತ್ತಿದೆ ಅಂದರೆ ಎಲ್ಲೋ ಏನೋ ತಪ್ಪಿದೆ, ಅಲ್ವಾ?

ಎಲ್ಲಿ ತಪ್ಪಿದೆ ಅಂತ ಒಂದೇ ಶಾಸ್ತ್ರ ಹೇಳಲು ಆಗಲಿಲ್ಲ. ಸಂಖ್ಯೆ ಎಣಿಸಿದ್ದು ಜನಗಣತಿ. ಹೆಣ್ಣುಮಕ್ಕಳು ಯಾಕೆ ಸಾಯುತ್ತಾರೆ ಅಂತ ಹೇಳಲು ವೈದ್ಯಶಾಸ್ತ್ರ ಬೇಕು. ಮನೆಯಲ್ಲಿ ಯಾರು ಕೊನೆಗೆ ಉಣ್ಣುತ್ತಾರೆ ಅನ್ನುವುದು ಸಮಾಜಶಾಸ್ತ್ರ. ದುಡಿಮೆಗೆ ಬೆಲೆ ಇದೆಯೋ ಇಲ್ಲವೋ ಅನ್ನುವುದು ಅರ್ಥಶಾಸ್ತ್ರ. ಅದೇ 1974ರಲ್ಲಿ ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿ ಅವರ ಮುಂದಾಳತ್ವದಲ್ಲಿ ಮಹಿಳಾ ಅಧ್ಯಯನದ ಸಂಶೋಧನಾ ಕೇಂದ್ರ ಶುರುವಾಯಿತು. 1981ರಲ್ಲಿ ಅಲ್ಲೇ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. 1986ರ ಶಿಕ್ಷಣ ನೀತಿಯ ನಂತರ ಯುಜಿಸಿ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳಿಗೆ ನೆರವು ಕೊಡಲು ತೊಡಗಿತು. "ಅಂತರ್‌ಶಿಸ್ತೀಯ" ಎಂಬ ದೊಡ್ಡ ಪದ ಕಂಡಾಗ ಹೆದರಬೇಡಿ. 972 ಮತ್ತು 930 ನೆನಪಿಟ್ಟುಕೊಳ್ಳಿ. ಒಂದು ಪ್ರಶ್ನೆ, ಅದಕ್ಕೆ ಎಷ್ಟು ಬಾಗಿಲು ಬಡಿಯಬೇಕೋ ಅಷ್ಟೂ ಬಡಿಯುವುದು.

ಅವ್ವನ ಸಹಿ

ನನ್ನ ನೋಟ್‌ಬುಕ್ಕಿನ ಮೊದಲ ವಸ್ತು ಒಂದು ಪಹಣಿ. ನಮ್ಮ ಕಡೆ ಉತಾರ ಅಂತೀವಿ. ಹಾವೇರಿ ಜಿಲ್ಲೆಯ ನನ್ನ ಅಜ್ಜನ ಹೊಲದ್ದು, 4 ಎಕರೆ 12 ಗುಂಟೆ. ಅಜ್ಜ 2007ರಲ್ಲಿ ತೀರಿಕೊಂಡರು. ಮರುವರ್ಷ ಅವ್ವ ತಾಲ್ಲೂಕಿನ ನೋಂದಣಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ಜೊತೆಗೆ ನಾನೂ ಹೋಗಿದ್ದೆ. ಮಾವಂದಿರು ನನಗೆ ಗಿರ್ಮಿಟ್ ಕೊಡಿಸಿದರು. ಮನೆಗೆ ಬಂದ ಮೇಲೆ ಅತ್ತೆ ಅವ್ವನಿಗೆ ಇಳಕಲ್ ಸೀರೆ ಕೊಟ್ಟು ಉಡಿ ತುಂಬಿದರು. ನನ್ನ ನೆನಪಿನಲ್ಲಿ ಅದೊಂದು ಹಬ್ಬದ ದಿನ.

ಎಂಎ ಓದುವಾಗ ಆ ಪಹಣಿಯ ಪ್ರಿಂಟ್ ತೆಗೆಸಿ ನೋಟ್‌ಬುಕ್ಕಿಗೆ ಅಂಟಿಸಿದೆ. ಹೊಲದ ಮಾಲೀಕರ ಹೆಸರು ಬರೆಯುವ 9ನೇ ಕಾಲಂನಲ್ಲಿ ಇಬ್ಬರು ಮಾವಂದಿರ ಹೆಸರು. ಅಲ್ಲಿಂದ ಒಂದೊಂದೇ ಬಾಗಿಲು ಬಡಿದೆ.

ಮೊದಲು ಕಾನೂನು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗಿದ್ದ ಹುಟ್ಟು ಹಕ್ಕು ಮಗಳಿಗೆ ಇರಲಿಲ್ಲ. ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿ ಮಗಳಿಗೂ ಆ ಹಕ್ಕು ಕೊಟ್ಟಿತು. ಆದರೆ ಒಂದು ಷರತ್ತು: ಕಾನೂನು ಬರುವುದಕ್ಕೆ ಮೊದಲೇ ಮದುವೆಯಾದ ಮಗಳಿಗೆ ಇಲ್ಲ. ಅವ್ವನ ಮದುವೆ 1991ರಲ್ಲಿ. ಮೂರು ವರ್ಷದಿಂದ ತಪ್ಪಿತು. 2005ರ ಸೆಪ್ಟೆಂಬರ್ 9ರಂದು ಇಡೀ ದೇಶಕ್ಕೆ ಹೊಸ ತಿದ್ದುಪಡಿ ಜಾರಿಯಾಯಿತು. ಅದರಲ್ಲಿ ಮದುವೆಯ ಷರತ್ತೇ ಇರಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಆ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಇನ್ನೂ ಸ್ಪಷ್ಟ ಮಾಡಿತು. ಅಂದರೆ 2008ರಲ್ಲಿ ಸಹಿ ಹಾಕುವಾಗ ಅವ್ವನಿಗೆ ಅಣ್ಣಂದಿರಷ್ಟೇ ಹಕ್ಕಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ತೀರ್ಮಾನ ಹೀಗಿರುತ್ತಿತ್ತು: ಅವ್ವನಿಗೆ ಕಾನೂನು ಗೊತ್ತಿರಲಿಲ್ಲ, ಅರಿವು ಮೂಡಿಸಬೇಕು. ಪರೀಕ್ಷೆಯಲ್ಲಿ ನೂರಾರು ವಿದ್ಯಾರ್ಥಿಗಳು ಬರೆಯುವ ಉತ್ತರ ಇದೇ. ರಜೆಗೆ ಊರಿಗೆ ಹೋದಾಗ ಅವ್ವನನ್ನೇ ಕೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು: "ಗೊತ್ತಿತ್ತು ಬಿಡವ್ವಾ. ವಕೀಲರು ಓದಿ ಹೇಳಿದ್ರು. ಹೊಲ ತಗೊಂಡ್ರ ಪಂಚಮಿಗೆ ಕರಿಯಾಕ ಯಾರು ಬರ್ತಾರ?"

ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಎರಡು ಪುಟ ಕಾಟು ಹಾಕಿದೆ. ಕಾನೂನಿನ ಬಾಗಿಲು ಅಲ್ಲಿಗೆ ಮುಗಿದಿತ್ತು. ಇನ್ನು ಬೇರೆ ಕಡೆ ಹೋಗಬೇಕಿತ್ತು.

ನಾಗರ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆ ಎಷ್ಟು ದೊಡ್ಡದು ಅಂತ ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣ ಬರಲಿಲ್ಲ ಅಂದರೆ ಓಣಿಯಲ್ಲಿ ಹತ್ತು ಜನ ಕೇಳುತ್ತಾರೆ. ಬೀಸುವ ಕಲ್ಲಿನ ಹಾಡುಗಳನ್ನು ಜಾನಪದ ಸಂಗ್ರಹಗಳಲ್ಲಿ ಹುಡುಕಿ ಓದಿದೆ. ತವರಿನ ದಾರಿ, ಅಣ್ಣನ ಬರವು, ತಾಯಿ ಇಲ್ಲದ ತವರು ಮತ್ತೆ ಮತ್ತೆ ಬರುತ್ತವೆ. ತವರಿನ ಹೊಲದಲ್ಲಿ ನನ್ನ ಪಾಲು ಎಲ್ಲಿ ಅಂತ ಕೇಳುವ ಹಾಡು ನಾನು ಓದಿದ ಪುಟಗಳಲ್ಲಿ ಸಿಗಲಿಲ್ಲ. ಸಾಹಿತ್ಯದಲ್ಲಿ ಏನಿದೆ ಅನ್ನುವುದರಷ್ಟೇ ಏನಿಲ್ಲ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ.

ಅರ್ಥಶಾಸ್ತ್ರದವರ ಕಣ್ಣಿಂದ ನೋಡಿದಾಗ ಅವ್ವನ ಮಾತು ಬರೀ ಭಾವುಕತೆ ಅಲ್ಲ ಅಂತ ತಿಳಿಯಿತು. ಅವ್ವನಿಗೆ ಪಿಂಚಣಿ ಇಲ್ಲ, ಬ್ಯಾಂಕಿನಲ್ಲಿ ದುಡ್ಡಿಲ್ಲ. ಗಂಡನ ಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಹೋಗಿ ನಿಲ್ಲಲು ಇದ್ದದ್ದು ತವರಿನ ಬಾಗಿಲು ಒಂದೇ. ಒಂದೂವರೆ ಎಕರೆಯಷ್ಟು ಹೊಲ ಕೊಟ್ಟು ಅವಳು ಆ ಬಾಗಿಲನ್ನು ತೆರೆದಿಟ್ಟುಕೊಂಡಳು. ಅದಕ್ಕೆ ಅವಳು ಕೊಟ್ಟ ಬೆಲೆಯೂ ದೊಡ್ಡದು. ಬೆಳೆ ಸಾಲ ಸಿಗುವುದು ಪಹಣಿಯ ಮೇಲೆ. ಪಿಎಂ ಕಿಸಾನ್‌ನ ವರ್ಷದ 6000 ರೂಪಾಯಿ ಬರುವುದೂ ಭೂ ದಾಖಲೆ ನೋಡಿ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರದ್ದು ನೂರಕ್ಕೆ ಸುಮಾರು 14 ಮಾತ್ರ. ಕಳೆ ತೆಗೆಯುವವರ ಲೆಕ್ಕ ಹಾಕಿದರೆ ಎಷ್ಟಾಗಬಹುದು ಅಂತ ನಿಮ್ಮ ಊರಿನ ಹೊಲದ ಬದುವಿನ ಮೇಲೆ ನಿಂತು ನೋಡಿ.

ಇತಿಹಾಸದ ಬಾಗಿಲು ಎಲ್ಲಕ್ಕಿಂತ ಜಾಸ್ತಿ ಆಶ್ಚರ್ಯ ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಒಂದು ಕಾಯಿದೆ ಬಂದಿತ್ತು. ತುಳುನಾಡಿನ ಹಲವು ಸಮುದಾಯಗಳಲ್ಲಿ ಅಳಿಯಸಂತಾನದಂತೆ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ನಮ್ಮ ಊರು ಆಗ ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ್ಯ. ನಮಗೆ ಇವೆರಡೂ ಇಲ್ಲ. ಕನ್ನಡ ನಾಡು ಒಂದೇ ಆಗಿದ್ದರೂ ಹೆಣ್ಣುಮಗಳು ಯಾವ ಕಡೆ ಹುಟ್ಟಿದಳು ಅನ್ನುವುದರ ಮೇಲೆ ಅವಳ ಹೊಲ ನಿಂತಿತ್ತು. "ಹಿಂದಿನಿಂದಲೂ ಹೀಗೇ ಇದೆ" ಅಂತ ಯಾರಾದರೂ ಹೇಳಿದರೆ ಈಗ ನಾನು "ಎಲ್ಲಿ? ಯಾವಾಗಿನಿಂದ?" ಅಂತ ಕೇಳುತ್ತೇನೆ.

ಒಂದು ಎಚ್ಚರಿಕೆ. ಎಲ್ಲ ಬಾಗಿಲು ಬಡಿಯಿರಿ ಅಂದರೆ ಎಲ್ಲವನ್ನೂ ಕಲಸಿ ಬರೆಯಿರಿ ಅಂತಲ್ಲ. ಒಂದೊಂದು ಶಾಸ್ತ್ರ ಒಂದೊಂದು ಥರದ ಸಾಕ್ಷಿ ಕೇಳುತ್ತದೆ. ಕಾನೂನಿಗೆ ಕಾಯಿದೆಯ ಹೆಸರು ಮತ್ತು ದಿನಾಂಕ ಬೇಕು. ಇತಿಹಾಸಕ್ಕೆ ದಾಖಲೆ ಬೇಕು. ಅರ್ಥಶಾಸ್ತ್ರಕ್ಕೆ ಅಂಕಿ ಬೇಕು, ಅದನ್ನು ಹೇಗೆ ಎಣಿಸಿದರು ಅನ್ನುವುದೂ ಬೇಕು. ಹಾಡು ಇಟ್ಟುಕೊಂಡು ಕಾನೂನಿನ ಮಾತು ಸಾಬೀತು ಮಾಡಲು ಹೋಗಬೇಡಿ.

"ನಮ್ಮನೇಲಿ ಪಹಣಿನೇ ಇಲ್ಲ ಮೇಡಂ"

ನಾನು ಪಾಠ ಮಾಡಲು ಶುರು ಮಾಡಿದ ಎರಡನೇ ವರ್ಷ, ಎಲ್ಲರಿಗೂ ಮನೆಯ ಪಹಣಿ ತರಲು ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕ್ಲಾಸ್ ಮುಗಿದ ಮೇಲೆ ಬಂದು ಈ ಮಾತು ಹೇಳಿದಳು. ದಲಿತ ಕುಟುಂಬ, ತುಂಡು ಭೂಮಿಯೂ ಇಲ್ಲ. ನನ್ನ ಇಡೀ ಪಾಠ "ಮಹಿಳೆ" ಅಂತ ಶುರುವಾಗಿ ಹೊಲ ಇರುವ ಮನೆಯ ಮಹಿಳೆಯ ಹತ್ತಿರವೇ ನಿಂತಿತ್ತು ಅಂತ ಆಗ ಗೊತ್ತಾಯಿತು. ಆ ಹುಡುಗಿಗೆ ನಾನು ಋಣಿ.

ಅವಳು ತಂದದ್ದು ತಾಯಿಯ ಉದ್ಯೋಗ ಖಾತ್ರಿ ಜಾಬ್ ಕಾರ್ಡ್. ಅದನ್ನು ಮಧ್ಯೆ ಇಟ್ಟು ಅವಳು ಬರೆದ ಅಸೈನ್‌ಮೆಂಟ್ ಆ ವರ್ಷದ ಅತ್ಯುತ್ತಮ ಬರಹ. 2005ರ ಉದ್ಯೋಗ ಖಾತ್ರಿ ಕಾಯಿದೆ ಕೆಲಸ ಪಡೆಯುವವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರಿರಬೇಕು ಅನ್ನುತ್ತಿತ್ತು. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಹೊಲದ ಕೂಲಿಯಲ್ಲಿ ತಾಯಿಗೆ ಗಂಡಾಳಿಗಿಂತ ಕಮ್ಮಿ ಸಿಗುತ್ತಿತ್ತು. ಕೆರೆ ಹೂಳೆತ್ತುವ ಕೆಲಸದಲ್ಲಿ ಮೊದಲ ಸಲ ಸಮ ಸಿಕ್ಕಿತು, ಅದೂ ಅವಳ ಹೆಸರಿನ ಖಾತೆಗೆ.

ಅಂದಿನಿಂದ ನನ್ನ ನೋಟ್‌ಬುಕ್ಕಿನ ಎಡ ಅಂಚಿನಲ್ಲಿ ಪ್ರತಿ ಪುಟಕ್ಕೂ ಒಂದು ಪ್ರಶ್ನೆ ಬರೆದುಕೊಳ್ಳುತ್ತೇನೆ: ಯಾವ ಮಹಿಳೆ? ನೀವೂ ಬರೆದುಕೊಳ್ಳಿ. ದೇವದಾಸಿ ಪದ್ಧತಿಯ ಬಗ್ಗೆ ಓದುವಾಗ 1982ರ ಕರ್ನಾಟಕದ ಕಾಯಿದೆಯನ್ನು ಮಾತ್ರ ಬರೆದು ಮುಂದೆ ಹೋಗಬೇಡಿ. ಮುತ್ತು ಕಟ್ಟಿದ್ದು ಯಾವ ಜಾತಿಯ ಹುಡುಗಿಯರಿಗೆ, ಅವರ ಮನೆಯಲ್ಲಿ ಭೂಮಿ ಇತ್ತೇ ಎಂದು ಕೇಳಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿಎಫ್ ದುಡ್ಡನ್ನು ಪೂರ್ತಿ ತೆಗೆಯಲು ಬಿಡದ ಹೊಸ ನಿಯಮದ ವಿರುದ್ಧ ರಸ್ತೆಗೆ ಇಳಿದರು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಅದನ್ನು ಓದುವಾಗಲೂ ಇದೇ ಪ್ರಶ್ನೆ. ಅವರು ಯಾವ ಊರಿನಿಂದ ಬಂದವರು, ಆ ಪಿಎಫ್ ದುಡ್ಡು ಅವರಿಗೆ ಯಾತಕ್ಕೆ ಬೇಕಿತ್ತು?

ಊರಿಗೆ ಹೋಗಿ ಕೇಳುವಾಗ

ಕ್ಷೇತ್ರಕಾರ್ಯ ಅಂದ ಕೂಡಲೇ ವಿದ್ಯಾರ್ಥಿಗಳು ಪ್ರಶ್ನಾವಳಿ ಟೈಪ್ ಮಾಡಿಸಿಕೊಂಡು ಹೊರಡುತ್ತಾರೆ. ಮೊದಲ ಪ್ರಶ್ನೆ ಹೆಸರು, ಎರಡನೇದು ವಯಸ್ಸು, ಮೂರನೇದು "ನೀವು ಏನು ಕೆಲಸ ಮಾಡ್ತೀರಿ?" ಇದರಲ್ಲೇ ಎಡವುತ್ತಾರೆ. ಬ್ಯಾಡಗಿ ಹತ್ತಿರ ಒಂದು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸನ್ನು ನನ್ನ ವಿದ್ಯಾರ್ಥಿ ಹೀಗೇ ಕೇಳಿದ. "ಏನಿಲ್ರೀ, ಮನ್ಯಾಗ ಇರ್ತೀನಿ" ಅಂದರು. ಮಡಿಲಲ್ಲಿ ಕಾಯಿ, ಪಕ್ಕದಲ್ಲಿ ಬಿಡಿಸಿದ ತೊಟ್ಟಿನ ರಾಶಿ, ಖಾರ ಹತ್ತಬಾರದು ಅಂತ ಬೆರಳಿಗೆ ಎಣ್ಣೆ. ಕಿಲೋ ಲೆಕ್ಕದಲ್ಲಿ ಕೂಲಿ. ಅವನು "ಗೃಹಿಣಿ" ಅಂತ ಬರೆದುಕೊಂಡ.

ಕೇಳಬೇಕಾದ್ದು ಹೀಗೆ: "ನಿನ್ನೆ ಎಷ್ಟೊತ್ತಿಗೆ ಎದ್ರಿ? ಆಮೇಲೆ?" ಅರ್ಧರ್ಧ ಗಂಟೆಯಂತೆ ರಾತ್ರಿಯ ತನಕ ಬನ್ನಿ. ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಿ. ಕೈ ಖಾಲಿ ಇದ್ದರೆ ಅವರ ಜೊತೆ ಕೂತು ನಾಲ್ಕು ಕಾಯಿ ಬಿಡಿಸಿ. ಮಾತು ಆಗ ಸಲೀಸಾಗುತ್ತದೆ.

ಸರ್ಕಾರವೂ ಹೀಗೇ ಎಣಿಸಿದೆ. ದೇಶದ ಮೊದಲ ರಾಷ್ಟ್ರಮಟ್ಟದ ಸಮಯ ಬಳಕೆ ಸಮೀಕ್ಷೆ ನಡೆದದ್ದು 2019ರಲ್ಲಿ. ಕೂಲಿ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಇಲ್ಲಿ ಸ್ವಲ್ಪ ನಿಂತು ಓದಿ. ಇದು ಆ ಕೆಲಸ ಮಾಡಿದವರ ಸರಾಸರಿ, ಎಲ್ಲರದ್ದಲ್ಲ. 2019ರಲ್ಲಿ ಆ ದಿನ ಮನೆಗೆಲಸ ಮಾಡಿದ ಹೆಂಗಸರು ನೂರಕ್ಕೆ 81, ಗಂಡಸರು 26. ಅಂದರೆ 97 ನಿಮಿಷ ಅನ್ನುವುದು ಆ 26 ಜನರದ್ದು. ಉಳಿದ 74 ಜನರದ್ದು ಸೊನ್ನೆ. ಒಂದು ಅಂಕಿಯ ಹಿಂದೆ ಇನ್ನೊಂದು ಅಂಕಿ ಇರುತ್ತದೆ. ಅದನ್ನು ಹುಡುಕುವ ಅಭ್ಯಾಸ ಬಂದರೆ ಅರ್ಧ ಸಬ್ಜೆಕ್ಟ್ ಬಂದ ಹಾಗೆ.

ಅತ್ತೆಯ ಎದುರು ಸೊಸೆಯನ್ನು, ಗಂಡನ ಎದುರು ಹೆಂಡತಿಯನ್ನು ಕೇಳಬೇಡಿ. ಯಾಕೆ ಕೇಳುತ್ತಿದ್ದೀರಿ ಅಂತ ಮೊದಲೇ ಹೇಳಿ, ಒಪ್ಪಿದರೆ ಮಾತ್ರ ಬರೆಯಿರಿ. ಹೆಸರು ಬೇಡ. "ಸರ್ಕಾರದಿಂದ ಏನಾರ ಬರ್ತದೇನು?" ಅಂತ ಖಂಡಿತ ಕೇಳುತ್ತಾರೆ. ಇಲ್ಲ, ಇದು ನನ್ನ ಓದಿಗೆ ಅಂತ ನಿಜ ಹೇಳಿ. ಹೊಡೆತ, ಹಿಂಸೆಯ ಮಾತು ಬಂದರೆ ಪೆನ್ನು ಕೆಳಗಿಟ್ಟು ಕೇಳಿಸಿಕೊಳ್ಳಿ. 181 ಮಹಿಳಾ ಸಹಾಯವಾಣಿ ಇದೆ ಅಂತ ತಿಳಿಸಿ. ಕ್ಲಾಸಿನಲ್ಲಿ ಪಾಠ ಕೇಳುತ್ತಾ ನಿಮ್ಮದೇ ಮನೆ ನೆನಪಾಗಿ ಗಂಟಲು ಕಟ್ಟಿದರೂ ಅಷ್ಟೇ. ಎದ್ದು ಹೊರಗೆ ಹೋಗಿ, ಆಮೇಲೆ ನಂಬುವ ಮೇಡಂ ಹತ್ತಿರ ಮಾತಾಡಿ. ಈ ಸಬ್ಜೆಕ್ಟ್ ಓದುವಾಗ ಹಾಗಾಗುವುದು ಸಹಜ.

ಪದಗಳು, ಪರೀಕ್ಷೆ, ಮುಂದಿನ ದಾರಿ

ಪಠ್ಯದ ಪದಗಳು ಭಾರ. ಪಿತೃಪ್ರಧಾನತೆ, ಲಿಂಗತ್ವ, ಅಂತರ್ಛೇದಕತೆ. ಪ್ರತಿ ಪದಕ್ಕೂ ಮನೆಮಾತಿನಲ್ಲಿ ಒಂದು ವಾಕ್ಯ ಮಾಡಿಕೊಳ್ಳಿ. ಲಿಂಗಕ್ಕೂ ಲಿಂಗತ್ವಕ್ಕೂ ನಾನು ಹೇಳುವ ವಾಕ್ಯ: ಹೆರುವುದು ದೇಹದ ವಿಷಯ, ರಾತ್ರಿ ಎದ್ದು ತೊಟ್ಟಿಲು ತೂಗುವವರು ಯಾರು ಅನ್ನುವುದು ಲಿಂಗತ್ವದ ವಿಷಯ. ಜಾಬ್ ಕಾರ್ಡ್ ತಂದ ಹುಡುಗಿ ನನಗೆ ಕಲಿಸಿದ್ದೇ ಅಂತರ್ಛೇದಕತೆ: ಹೆಣ್ಣು ಅನ್ನುವುದರ ಜೊತೆ ಜಾತಿ, ಬಡತನವೂ ಸೇರಿ ಒಬ್ಬಳ ಬದುಕನ್ನು ಕಟ್ಟಿಹಾಕುವುದು. ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಅದಕ್ಕೆ ಇಂಗ್ಲಿಷಿನಲ್ಲಿ ಹೆಸರಿಟ್ಟರು.

ಉತ್ತರ ಪತ್ರಿಕೆ ತಿದ್ದುವಾಗ ನನಗೆ ಬೇಸರ ತರುವುದು ಒಂದೇ. ಪ್ರಶ್ನೆ ಯಾವುದೇ ಇರಲಿ, "ಯತ್ರ ನಾರ್ಯಸ್ತು ಪೂಜ್ಯಂತೇ" ಅಂತ ಶುರು ಮಾಡಿ ಹೆಣ್ಣು ತ್ಯಾಗಮಯಿ ಅಂತ ಮುಗಿಸುವುದು. ಆಸ್ತಿ ಹಕ್ಕಿನ ಪ್ರಶ್ನೆಗೆ 1956, 1994, 2005 ಬರೆಯಿರಿ, ಒಂದು ಮನೆಯ ಉದಾಹರಣೆ ಕೊಡಿ, ಕಾನೂನು ಎಲ್ಲಿ ತಲುಪಲಿಲ್ಲ ಅಂತ ಎರಡು ಸಾಲು ಬರೆಯಿರಿ. ಪಂಚಾಯಿತಿಯ ಪ್ರಶ್ನೆಗೆ ಸಂವಿಧಾನದ 73ನೇ ತಿದ್ದುಪಡಿಯ ಮೂರನೇ ಒಂದು ಭಾಗ ಮೀಸಲಾತಿ ಮಾತ್ರ ಬರೆದು ಬಿಡಬೇಡಿ. ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲೇ ಹೆಂಗಸರಿಗೆ ಶೇಕಡಾ 25 ಮೀಸಲಾತಿ ಇತ್ತು ಅಂತಲೂ ಸೇರಿಸಿ.

ಜೊತೆಗೆ ಯಾವ ಸಬ್ಜೆಕ್ಟ್ ಅಂತ ಕೇಳಿದರೆ ಅರ್ಥಶಾಸ್ತ್ರ ಅಥವಾ ಸಮಾಜಶಾಸ್ತ್ರ ಅನ್ನುತ್ತೇನೆ. ಕನ್ನಡ ಐಚ್ಛಿಕ ಇದ್ದರೆ ತುಂಬಾ ಒಳ್ಳೆಯದು. ಅಂಕಿ ಅಂದರೆ ಭಯ ಇರುವವರು ಅದಕ್ಕಾಗಿಯೇ ಅರ್ಥಶಾಸ್ತ್ರ ತಗೊಳ್ಳಿ.

ಮುಂದೆ ಏನು ಅನ್ನುವ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ಇದರ ಹೆಸರಿನಲ್ಲೇ ಇರುವ ಹುದ್ದೆಗಳು ಕಮ್ಮಿ. ವಿಜಯಪುರ, ಹಂಪಿ ಕನ್ನಡ ವಿಶ್ವವಿದ್ಯಾಲಯದಂಥ ಕಡೆ ಮುಂದೆ ಓದಬಹುದು, ಕಾಲೇಜು ಉಪನ್ಯಾಸಕರಾಗಲು ಬರೆಯುವ ನೆಟ್ ಪರೀಕ್ಷೆಯಲ್ಲಿ ಇದೊಂದು ವಿಷಯವಾಗಿಯೇ ಇದೆ. ಸ್ವಯಂಸೇವಾ ಸಂಸ್ಥೆ, ಪತ್ರಿಕೆ, ಸಮೀಕ್ಷೆಯ ಕೆಲಸಗಳಲ್ಲಿ ಈ ಓದು ನೇರ ಉಪಯೋಗ. 2013ರ ಕಾನೂನಿನಂತೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. ಅದರ ಹೊರಗಿನ ಸದಸ್ಯರಾಗಿ ಹೋಗುವ ನನ್ನ ಸಹಪಾಠಿಗಳಿದ್ದಾರೆ. ನಾನು ಅತಿಥಿ ಉಪನ್ಯಾಸಕಿ. ಸಂಬಳ ಸಾಲದು. ಆದರೂ ಈ ಕ್ಲಾಸ್ ಬಿಡುವ ಯೋಚನೆ ಒಂದು ದಿನವೂ ಬಂದಿಲ್ಲ.

ಹುಡುಗರು ತಗೋಬಹುದಾ? ತಗೊಳ್ಳಿ. "ಗೃಹಿಣಿ" ಅಂತ ಬರೆದುಕೊಂಡು ಬಂದಿದ್ದ ಆ ಹುಡುಗನಿಗೆ ಮನೆಗೆ ಹೋಗಿ ತಾಯಿಯ ಒಂದು ದಿನ ಬರೆದು ತರಲು ಹೇಳಿದೆ. ಒಂದು ವಾರ ಬಿಟ್ಟು ಬಂದ. ಹಾಳೆಯಲ್ಲಿ ಬೆಳಿಗ್ಗೆ ಐದರಿಂದ ರಾತ್ರಿ ಹತ್ತೂವರೆ ತನಕ ತಾಯಿಯ ಕಾಲಂ ತುಂಬಿತ್ತು. ಪಕ್ಕದಲ್ಲಿ ನಾನು ಹೇಳದಿದ್ದರೂ ಇನ್ನೊಂದು ಕಾಲಂ ಎಳೆದು ತನ್ನ ಹೆಸರು ಬರೆದಿದ್ದ. ಅದರಲ್ಲಿ ಆರು ಸಾಲು ಇತ್ತು. ತಾಯಿಗೆ ಓದಲು ಬರುವುದಿಲ್ಲವಂತೆ, ಇವನೇ ಓದಿ ಹೇಳಿದನಂತೆ. ಅವರು ಪೂರ್ತಿ ಕೇಳಿ ಒಂದು ತಿದ್ದುಪಡಿ ಹೇಳಿದರಂತೆ: ಮಧ್ಯರಾತ್ರಿ ಎಮ್ಮೆ ಅರಚಿದಾಗ ಎದ್ದು ಹುಲ್ಲು ಹಾಕಿದ್ದು ಬಿಟ್ಟು ಹೋಗಿದೆ, ಅದನ್ನೂ ಬರಿ. ಹತ್ತೂವರೆಯ ಕೆಳಗೆ ಬೇರೆ ಬಣ್ಣದ ಪೆನ್ನಿನಲ್ಲಿ ಅದನ್ನು ಸೇರಿಸಿದ್ದ.